ಹೊಸನಗರದ ಬೋರ್ಡಿನೊಳಗೆ ಇನ್ನೊಂದು ಬೋರ್ಡು

೧೯೮೫ನೇ ಇಸವಿ ಫೆಬ್ರವರಿ ೬, ಬುಧವಾರ, ಬೆಳಿಗ್ಗೆ ೯ ಗಂಟೆ ೧೦ ನಿಮಿಷ. ಹೊಸನಗರದ ಟೆಲಿಫೋನ್ ಕಚೇರಿಯಲ್ಲಿ, ಕರೆ ಜೋಡಿಸುವ ಬೋರ್ಡಿನ ಕೋಣೆಗೆ ಆಸ್ಪತ್ರೆಯ ಡಾಕ್ಟರ್ ಫಿಲೋಮಿನಾ ಚಪ್ಪಲಿ ಹಾಕಿಕೊಂಡೇ ಬಂದರು. ಆ ಕೋಣೆಗೆ ಚಪ್ಪಲಿ ಕೂಡದು, ಧೂಳು ಹೊಕ್ಕರೆ ಸಂಪರ್ಕ ಕೆಡುತ್ತದೆ. ಆ ದಿನ ಅವರಿಗೆ ಅದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಹಿಂದಿನ ದಿನ ಬೆಳಿಗ್ಗೆ ೮-೩೦ಕ್ಕೆ ಅವರು ಸಾಗರಕ್ಕೆ ಅರ್ಜೆಂಟ್ ಕರೆ ಬುಕ್ ಮಾಡಿದ್ದರು. ಸಿಕ್ಕಿದ್ದು ಸಂಜೆ ೪-೪೦ಕ್ಕೆ. ಕಾಡಿನಂಚಿನ ಒಂದು ಹಳ್ಳಿಯಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಅದು. ಮಂಗನ ಕಾಯಿಲೆಯ ಕಾಲ. ಸತ್ತ ಮಂಗನ ಮೈಯಿಂದ ರಕ್ತ ಹೀರುವ ಉಣುಗು ಇಳಿದು ತರಗೆಲೆಯೊಳಗೆ ಸೇರಿಕೊಳ್ಳುತ್ತದೆ, ತರಗೆಲೆ ಗುಡಿಸಲು ಕಾಡಿಗೆ ಹೋದವರಿಗೆ ಕಚ್ಚುತ್ತದೆ, ವಾರದೊಳಗೆ ಜ್ವರ. ಮಂಗ ಬಿದ್ದ ಜಾಗದ ಸುತ್ತ ಔಷಧದ ಪುಡಿ ಹಾಕುವ ತಂಡ ಸಾಗರದಲ್ಲಿತ್ತು. ಅವರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಆ ಹಳ್ಳಿಯ ಹೆಂಗಸರು ಎಲೆ ಗುಡಿಸಿ ಮನೆಗೆ ಬಂದಾಗಿತ್ತು.

ಡಾಕ್ಟರ್ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಬೋರ್ಡಿನ ರಿಪೇರಿಗೆ ಬಂದಿದ್ದ ನನಗೆ ಹಗುರವಾಗುತ್ತಿತ್ತು. ಮೆಲ್ಲಗೆ ಹೇಳಿದರು: "ನಂಗೆ ಹೊಸ ಲೈನ್ ಬೇಡ. ನೀವು ಕೊಡೋದಿಲ್ಲ ಅಂತ ಗೊತ್ತುಂಟು. ಇರೋ ಲೈನಲ್ಲೇ ಒಂದು ದಾರಿ ಮಾಡಿ ಕೊಡಿ. ಮೇ ತಿಂಗಳವರೆಗೆ ಸಾಕು, ಮಳೆ ಬಿದ್ರೆ ಉಣುಗು ಇರೋದಿಲ್ಲ."

ಇದನ್ನು ಈಗ ಬರೆಯಲು ಒಂದು ಕಾರಣವಿದೆ. ನಾನು ನಿವೃತ್ತನಾದ ಮೇಲೆ ಒಮ್ಮೆ ಹಳೆಯ ಕಚೇರಿಗೆ ಹೋದಾಗ, ಹೊಸದಾಗಿ ಸೇರಿದ ಇಬ್ಬರು ಇಂಜಿನಿಯರುಗಳು ಕಂಪ್ಯೂಟರಿನ ಮುಂದೆ ತಲೆ ಕೆಡಿಸಿಕೊಂಡು ಕೂತಿದ್ದರು. ಒಂದು ಯಂತ್ರದ ಒಳಗೆ ಇನ್ನೊಂದು ಯಂತ್ರವಿದ್ದಂತೆ ಮಾಡಿ, ಅದರಲ್ಲಿ ಫೈರ್‌ವಾಲ್ ಕೂರಿಸಿದ್ದರಂತೆ. ಅದನ್ನು ವರ್ಚುವಲ್ ಮಷೀನ್ ಎನ್ನುತ್ತಾರೆ ಎಂದು ನನಗೆ ಪಾಠ ಮಾಡಿದರು. ಕಾವಲಿಗೆ ಗೋಡೆಯೇನೋ ಇದೆ, ಆದರೆ ಎಲ್ಲವೂ ಅದನ್ನು ಸುತ್ತಿಕೊಂಡು ಹೋಗುತ್ತಿದೆ, ಏಕೆಂದು ತಿಳಿಯುತ್ತಿಲ್ಲ ಎಂದರು. ಅದಕ್ಕೆ ಒಳಗೊಂದು ಹೊರಗೊಂದು ಎಂದು ಎರಡು ಕಾಲು ಕೊಟ್ಟಿದ್ದೀರಲ್ಲ, ಎರಡೂ ಒಂದೇ ನೆಲದ ಮೇಲಿವೆಯೇ, ಒಂದೇ ತಂತಿಗೆ ತಗುಲಿವೆಯೇ ನೋಡಿ ಎಂದೆ. ಇದ್ದವು. ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ನನಗೆ ಗೊತ್ತಾದದ್ದು ಹೊಸನಗರದಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ. ಆಗಿನ ದಿನಚರಿ ನನ್ನ ಬಳಿ ಇದೆ. ತಾರೀಕು, ಗಂಟೆ, ಕರೆಗಳ ಲೆಕ್ಕ ಎಲ್ಲ ಅದರಿಂದಲೇ ತೆಗೆದದ್ದು.

ಆಗ ನಾನು ಸಾಗರದಲ್ಲಿ ಟೆಕ್ನಿಷಿಯನ್. ಹೊಸನಗರ, ತೀರ್ಥಹಳ್ಳಿ ಎರಡೂ ನನ್ನ ಓಡಾಟದ ಊರುಗಳು. ಹೊಸನಗರದಲ್ಲಿ ನೂರು ತೂತುಗಳ ಒಂದು ಬೋರ್ಡು. ಊರಿನ ಒಂದೊಂದು ಫೋನಿಗೆ ಒಂದೊಂದು ತೂತು, ತೂತಿನ ಮೇಲೆ ತಗಡಿನ ಸಣ್ಣ ರೆಪ್ಪೆ. ಯಾರಾದರೂ ತಮ್ಮ ಫೋನಿನ ಹಿಡಿ ತಿರುಗಿಸಿದರೆ ಆ ರೆಪ್ಪೆ ಟಪ್ಪೆಂದು ಬೀಳುತ್ತದೆ, ಆಪರೇಟರ್ ಅಲ್ಲಿಗೆ ವೈರು ಚುಚ್ಚಿ ಯಾವ ನಂಬರು ಎಂದು ಕೇಳುತ್ತಾರೆ. ಸಾಗರಕ್ಕೆ ಹೋಗುವ ಟ್ರಂಕ್ ತಂತಿ ಎರಡೇ. ಫೆಬ್ರವರಿಯೆಂದರೆ ಅಡಿಕೆ ಮಂಡಿಯವರ ಸುಗ್ಗಿ. ಬೆಳಿಗ್ಗೆ ಎಂಟರಿಂದ ಎರಡೂ ತಂತಿಯಲ್ಲಿ ಧಾರಣೆ ಕೇಳುವವರೇ. ಅವರದು ತಪ್ಪೆಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಅವರೂ ಅರ್ಜೆಂಟೇ ಬುಕ್ ಮಾಡುತ್ತಿದ್ದರು, ಅರ್ಜೆಂಟಿನಲ್ಲೂ ಮೊದಲು ಬುಕ್ ಮಾಡಿದವರಿಗೆ ಮೊದಲು, ಅದೇ ನಿಯಮ.

ಬೋರ್ಡಿನ ಮುಂದೆ ಕೂರುತ್ತಿದ್ದವರು ಲಲಿತಮ್ಮ. ನನಗಿಂತ ಹದಿನೈದು ವರ್ಷ ದೊಡ್ಡವರು, ನಿಯಮವೆಂದರೆ ನಿಯಮ. ಒಮ್ಮೆ ಅವರ ಸ್ವಂತ ತಮ್ಮನ ಕರೆಯನ್ನೇ ಮೂರು ನಿಮಿಷಕ್ಕೆ ಕತ್ತರಿಸಿದ್ದರು. ಆತ ಆಗ ತನಗೆ ಹೆಣ್ಣು ಗೊತ್ತಾದ ಸುದ್ದಿ ಹೇಳುತ್ತಿದ್ದನಂತೆ. ಯಾವ ಊರಿನ ಹೆಣ್ಣೆಂಬುದು ಅವರಿಗೆ ತಿಳಿದದ್ದು ಕಾಗದದಲ್ಲಿ.

ಡಾಕ್ಟರ್ ಹೋದ ಮೇಲೆ ನಾನು ಬೋರ್ಡನ್ನೇ ನೋಡುತ್ತ ಕೂತೆ. ಬಲತುದಿಯಲ್ಲಿ ಹತ್ತು ತೂತುಗಳು ಖಾಲಿ ಇದ್ದವು. ಆ ಹತ್ತನ್ನು ಬೇರೆಯೇ ಒಂದು ಬೋರ್ಡೆಂದು ಭಾವಿಸಿದರೆ? ಮರ ಒಂದೇ, ಕುರ್ಚಿ ಒಂದೇ, ಆಪರೇಟರ್ ಒಬ್ಬರೇ. ಆದರೆ ಲೆಕ್ಕಕ್ಕೆ ಅದು ಇನ್ನೊಂದು ಊರಿನ ಬೋರ್ಡು. ಅದಕ್ಕೆ ಎರಡು ಕಾಲು. ಒಂದು ಹೊರಗಾಲು: ಸಾಗರದ ಎರಡನೇ ತಂತಿ ನೇರ ಅಲ್ಲಿಗೇ ಬರಬೇಕು. ಇನ್ನೊಂದು ಒಳಗಾಲು: ಅಲ್ಲಿಂದ ದೊಡ್ಡ ಬೋರ್ಡಿಗೆ ಒಂದೇ ಒಂದು ತುಂಡು ವೈರು. ಅದಕ್ಕೆ ಕದ ಎಂದು ಹೆಸರಿಟ್ಟೆ. ಆಸ್ಪತ್ರೆ, ಆರೋಗ್ಯ ಉಪಕಚೇರಿ, ರೇಂಜರ್ ಕಚೇರಿ, ಈ ಮೂರು ಫೋನು ಮಾತ್ರ ಒಳಬೋರ್ಡಿನಲ್ಲಿ. ಉಳಿದವರು ಎರಡನೇ ತಂತಿಗೆ ಹೋಗಬೇಕಾದರೆ ಕದವನ್ನು ದಾಟಬೇಕು. ಕದದ ಮೇಲೆ ಒಂದು ಪಟ್ಟಿ ಅಂಟಿಸುವುದು. ಪಟ್ಟಿಯಲ್ಲಿ ಹೆಸರಿದ್ದರೆ ಪ್ರವೇಶ, ಇಲ್ಲದಿದ್ದರೆ ಮೊದಲನೇ ತಂತಿಯ ಸರದಿ.

ಮರುದಿನ ಗುರುವಾರ. ಸಾಗರದಲ್ಲಿ ನಮ್ಮ ಟೆಲಿಫೋನ್ ಇಲಾಖೆಯ ಮೇಲಧಿಕಾರಿ ಎಸ್.ಡಿ.ಓ. ಸಾಹೇಬರು ಗುರುವಾರ ಬೆಳಿಗ್ಗೆ ವರದಹಳ್ಳಿಯ ಆಶ್ರಮಕ್ಕೆ ಹೋಗಿಬರುವ ರೂಢಿಯವರು. ಆ ದಿನ ಅವರು ಯಾವ ಅರ್ಜಿಗೂ ಇಲ್ಲ ಎನ್ನುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿತ್ತು. ಹನ್ನೊಂದು ಗಂಟೆಗೆ ಚಿತ್ರ ಬರೆದುಕೊಂಡು ಹೋಗಿ ನಿಂತೆ. ಸಾಹೇಬರ ಹಣೆಯಲ್ಲಿ ಕುಂಕುಮವಿತ್ತು. ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹೊಸ ಬೋರ್ಡು ಕೇಳಿದ್ರೆ ಎರಡು ವರ್ಷ ಆಗುತ್ತೆ. ಹೊಸ ತಂತಿ ಕೇಳಿದ್ರೆ ನಾನು ರಿಟೈರ್ ಆಗಿರ್ತೀನಿ. ಇದಕ್ಕೆ ಏನೂ ಬೇಡ ಅಂತೀಯ?"

ಬೇಡ ಎಂದೆ. ಏಳು ದಿನ ಕೊಟ್ಟರು. ನಾಳೆ ಶುಕ್ರವಾರದಿಂದ ಮುಂದಿನ ಗುರುವಾರದವರೆಗೆ. ಎಂಟನೇ ದಿನ ತಾವೇ ಬಂದು ಲೆಕ್ಕ ನೋಡುವುದಾಗಿ ಹೇಳಿದರು. ಆಸ್ಪತ್ರೆಯ ಕರೆಗಳು ಹತ್ತು ನಿಮಿಷದೊಳಗೆ ಸಿಕ್ಕಿದ್ದರೆ ಸರಿ, ಇಲ್ಲದಿದ್ದರೆ ಎಲ್ಲ ಕಿತ್ತು ಮೊದಲಿನಂತೆ ಮಾಡಬೇಕು, ಆ ಹಂಗಾಮಿನಲ್ಲಿ ಮತ್ತೆ ಆ ಮಾತೆತ್ತಬಾರದು.

ಫೆಬ್ರವರಿ ೮, ಶುಕ್ರವಾರ, ೧೦-೨೫ಕ್ಕೆ ಒಳಬೋರ್ಡು ಶುರುವಾಯಿತು. ಪಟ್ಟಿಯನ್ನು ದಪ್ಪ ರಟ್ಟಿನ ಮೇಲೆ ಬರೆದು, ಕೆಳಗೆ ಎರಡು ಸೂಚನೆ ಸೇರಿಸಿ, ಸಹಿ ಹಾಕಿ ಅಂಟಿಸಿದೆ. ಒಂದು: ಪಟ್ಟಿಯಲ್ಲಿಲ್ಲದವರನ್ನು ಒಳಗೆ ಬಿಡಬಾರದು. ಎರಡು: ಅಂಥವರೊಡನೆ ಹೆಚ್ಚು ಮಾತು ಬೇಡ. ಲಲಿತಮ್ಮ ಎರಡು ಸಲ ಓದಿ, ಸಹಿಯ ಕೆಳಗೆ ತಾರೀಕು ಹಾಕಿಸಿಕೊಂಡರು.

ಶುಕ್ರವಾರ, ಶನಿವಾರ ಎರಡೂ ದಿನ ಸೇರಿ ಆಸ್ಪತ್ರೆಯ ಐದು ಕರೆ ತಡವಾದವು. ತಂತಿಯಲ್ಲೇ ದೋಷವಿರಬೇಕು ಎಂದುಕೊಂಡೆ. ಬೇರೆಯವರ ಮೇಲೆ ಅನುಮಾನ ಬರುವಷ್ಟು ಬೇಗ ನಮ್ಮ ಕೈಕೆಲಸದ ಮೇಲೆ ಬರುವುದಿಲ್ಲ. ಶನಿವಾರ ಸಂಜೆ ಕಚೇರಿಯ ಮೆಟ್ಟಿಲಿಳಿಯುವಾಗ ಮಂಡಿಯ ಗಣಪತಿಯಣ್ಣ ಎದುರಾದರು. ದಿನಕ್ಕೆ ಹತ್ತು ಕರೆ ಬುಕ್ ಮಾಡುವವರು. ಬೈಯುತ್ತಾರೆಂದು ನಾನು ಬದಿಗೆ ಸರಿದೆ. ಅವರು ನನ್ನ ಬೆನ್ನು ತಟ್ಟಿದರು.

"ಅಡ್ಡಿಲ್ಲೆ ಮಾರಾಯ, ನಿನ್ನ ಹೊಸ ಬೋರ್ಡು ಚೊಲೋ ಇದ್ದು. ಎಂಗೊ ಕೇಳಿದ ಕೂಡ್ಲೆ ಸಾಗರ ಸಿಕ್ತು."

ತಡೆಯಬೇಕೆಂದು ಹೊರಟದ್ದು ಇವರನ್ನೇ. ಇವರೇ ಹೊಗಳುತ್ತಿದ್ದಾರೆಂದರೆ ಎಲ್ಲೋ ದೊಡ್ಡದಾಗಿ ಕೆಟ್ಟಿದೆ. ಒಳಗೆ ಓಡಿ, ಒಳಬೋರ್ಡಿನ ಕರೆಗಳನ್ನೆಲ್ಲ ಬರೆದಿಡುವ ಕದದ ಪುಸ್ತಕ ತೆಗೆದೆ. ಒಳಬೋರ್ಡಿನಿಂದ ಎರಡು ದಿನದಲ್ಲಿ ಎರಡನೇ ತಂತಿ ಹಿಡಿದ ಕರೆ ಆರು. ಸಾಗರದವರನ್ನು ಕೇಳಿದೆ, ಎರಡನೇ ತಂತಿಯಲ್ಲಿ ಅವರಿಗೆ ಬಂದ ಕರೆ ಹತ್ತೊಂಬತ್ತು. ಹದಿಮೂರು ಕರೆ ಕದವನ್ನು ಮುಟ್ಟದೆಯೇ ಹೋಗಿದ್ದವು.

ಬೋರ್ಡಿನ ಹಿಂದೆ ಹೋಗಿ ಟಾರ್ಚು ಬಿಟ್ಟೆ. ಎರಡನೇ ತಂತಿಯನ್ನು ಒಳಬೋರ್ಡಿಗೆ ತಂದಿದ್ದೆ ನಿಜ. ಆದರೆ ಅದರ ಹಳೆಯ ವೈರನ್ನು ದೊಡ್ಡ ಬೋರ್ಡಿನಿಂದ ಕಿತ್ತಿರಲಿಲ್ಲ. ಹೊಸದು ಕೈಕೊಟ್ಟರೆ ಇರಲಿ ಎಂದು ನಾನೇ ಉಳಿಸಿದ್ದೆ, ಆಮೇಲೆ ಮರೆತಿದ್ದೆ. ಮುಂಬಾಗಿಲಿಗೆ ಕಾವಲಿಟ್ಟು ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಆ ಹಳೆಯ ತೂತಿನಿಂದ ಯಾಕೆ ಕೊಟ್ಟಿರಿ ಎಂದು ಲಲಿತಮ್ಮನನ್ನು ಕೇಳಿದೆ.

"ತೂತು ಖಾಲಿ ಇತ್ತು, ಕೊಟ್ಟೆ. ಆ ತೂತಿಗೆ ಪಟ್ಟಿ ಅಂಟಿಸಿದ್ರಾ ನೀವು? ಇಲ್ಲ ಅಲ್ದಾ?"

ಭಾನುವಾರ ಬೆಳಿಗ್ಗೆ ಆ ವೈರನ್ನು ಕಿತ್ತು ತಂತಿಯ ತುದಿಗಳನ್ನು ಸುತ್ತಿ ಜೇಬಿಗೆ ಹಾಕಿಕೊಂಡೆ. ಸೋಮವಾರ ಎರಡೂ ಕಡೆಯ ಲೆಕ್ಕ ಸರಿಹೊಂದಿತು: ಕದದ ಪುಸ್ತಕದಲ್ಲಿ ಏಳು, ಸಾಗರದಲ್ಲಿ ಏಳು. ಆಸ್ಪತ್ರೆಯ ಪ್ರತಿ ಕರೆಯೂ ನಾಲ್ಕು ನಿಮಿಷದೊಳಗೆ. ಗಣಪತಿಯಣ್ಣ ಬಂದು, ಮೊನ್ನೆ ಇದ್ದ ದಾರಿ ಇವತ್ತು ಎಂತಕ್ಕೆ ಇಲ್ಲೆ ಎಂದು ಕೇಳಿಹೋದರು. ಅಷ್ಟು ಸಂತೋಷ ಕೊಟ್ಟ ದೂರನ್ನು ನಾನು ಸೇವೆಯಲ್ಲಿ ಮತ್ತೆ ಕೇಳಲಿಲ್ಲ.

ಗೆದ್ದೆನೆಂದು ಮಂಗಳವಾರ ತೀರ್ಥಹಳ್ಳಿಗೆ ಹೋದೆ, ಅಲ್ಲಿ ಬ್ಯಾಟರಿಯ ಕೆಲಸವಿತ್ತು. ಬೆಳಿಗ್ಗೆ ೧೧-೪೦ಕ್ಕೆ ಸಾಗರದ ಟ್ರಂಕ್ ಆಪರೇಟರ್ ನನ್ನನ್ನು ಹುಡುಕಿ ಫೋನಿಗೆ ಕರೆದರು. "ನಿಮ್ಮ ಹೊಸನಗರದವರು ಪುಡಿ ತಂಡದವರನ್ನ ಒಳಗೇ ಬಿಡ್ತಿಲ್ಲ. ನಾಲ್ಕು ಸಲ ಆಯ್ತು. ಏನ್ರೀ ಇದು?"

ನಡೆದದ್ದು ಹೀಗೆ. ಕಾಡಿನಂಚಿನ ಅದೇ ಹಳ್ಳಿಯ ಬಳಿ, ಕಾಡಿನ ಬೇರೊಂದು ಮೂಲೆಯಲ್ಲಿ ಇನ್ನೊಂದು ಮಂಗ ಬಿದ್ದಿತ್ತು. ಡಾಕ್ಟರ್ ೮-೨೦ಕ್ಕೆ ಫೋನು ಮಾಡಿದರು, ನಾಲ್ಕೇ ನಿಮಿಷದಲ್ಲಿ ಸಿಕ್ಕಿತು. ತಂಡದವರು ಜೀಪು ನೋಡಿಕೊಂಡು ತಿರುಗಿ ಫೋನು ಮಾಡುತ್ತೇವೆ, ಆಗ ದಾರಿ ಹೇಳಿ ಎಂದರು. ತಿರುಗಿ ಮಾಡಿದಾಗ ಆ ಕರೆ ಕದಕ್ಕೆ ಬಂದು ನಿಂತಿತು, ಹೊರಗಿನಿಂದ ಬಂದವರಿಗೂ ಲಲಿತಮ್ಮ ಅದೇ ಪಟ್ಟಿ ನೋಡಿದರು. ಪಟ್ಟಿಯಲ್ಲಿ ಪುಡಿ ತಂಡ ಇಲ್ಲ. ಹೊರಗೆ ಹೋಗುವವರ ಹೆಸರನ್ನಷ್ಟೇ ನಾನು ಯೋಚಿಸಿದ್ದೆ. ಹೋದ ಮಾತಿಗೆ ಉತ್ತರ ಬರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಡಾಕ್ಟರ್ ತಾವಾಗಿ ಮತ್ತೆ ಮಾಡಿದಾಗ ತಂಡದವರು ಕಚೇರಿಯಲ್ಲಿರಲಿಲ್ಲ, ದಾರಿ ತಿಳಿಯದೆ ಜೀಪು ಸಾಗರದಲ್ಲೇ ನಿಂತಿತ್ತು.

ಕೂಡಲೇ ಹೊಸನಗರ ಕೇಳಿದೆ. ತೀರ್ಥಹಳ್ಳಿಯ ಕರೆ ಸಾಗರವನ್ನು ಸುತ್ತಿಕೊಂಡೇ ಹೋಗಬೇಕಿತ್ತು. ಮೊದಲನೇ ತಂತಿ ಮಂಡಿಯವರ ಕೈಯಲ್ಲಿ. ಎರಡನೆಯದರಲ್ಲಿ ಲಲಿತಮ್ಮ ಸಿಕ್ಕರು. ಅಮ್ಮಾ, ನಾನು ಎಂದೆ.

"ಗೊತ್ತಾಯ್ತು. ದನಿ ಗೊತ್ತಾಗ್ತದೆ. ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ."

ಪಟ್ಟಿ ಬರೆದವನೇ ನಾನಲ್ಲವೇ ಎಂದೆ.

"ಹೌದು, ಸಹಿನೂ ಉಂಟು. ಹೆಚ್ಚು ಮಾತು ಬೇಡ ಅಂತನೂ ನೀವೇ ಬರ್ದಿದ್ದು."

ವೈರು ಕಿತ್ತ ಸದ್ದು ಕೇಳಿಸಿತು. ನಾನು ಕಟ್ಟಿದ ಗೋಡೆಯ ಹೊರಗೆ ನಾನೇ ನಿಂತಿದ್ದೆ. ಈಗಿನವರಿಗೂ ಇದು ಆಗುತ್ತದಂತೆ. ದೂರದಲ್ಲಿ ಕೂತು ಬೀಗ ಹಾಕುತ್ತಾರೆ, ಬೀಗದ ಕೈ ಒಳಗೇ ಉಳಿದಿರುತ್ತದೆ. ಅವರೇನು ಮಾಡುತ್ತಾರೋ ತಿಳಿಯದು. ನಾನು ಮಧ್ಯಾಹ್ನ ಒಂದರ ಬಸ್ಸು ಹತ್ತಿದೆ.

ಹೊಸನಗರ ಮುಟ್ಟಿದ್ದು ೨-೫೦ಕ್ಕೆ. ಡಾಕ್ಟರ್ ಲಲಿತಮ್ಮನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು. ಆರೋಗ್ಯ ಸಹಾಯಕರನ್ನು ಸೈಕಲ್ಲಿನಲ್ಲಿ ಹಳ್ಳಿಗೆ ಅಟ್ಟಿ, ಆ ದಿನದ ಮಟ್ಟಿಗೆ ಯಾರೂ ಕಾಡಿಗೆ ಹೋಗದಂತೆ ಮಾಡಿದ್ದರು. ಹಳ್ಳಿಯವರು ಒಪ್ಪಿದ್ದರು, ಆದರೆ ಒಂದೇ ದಿನಕ್ಕೆ. ಒಬ್ಬ ಹೆಂಗಸು ಹೇಳಿಕಳಿಸಿದ ಮಾತನ್ನು ಡಾಕ್ಟರ್ ನನಗೆ ಹಾಗೆಯೇ ಹೇಳಿದರು: "ಇವತ್ತು ಕೂತ್ಕಂತೀವಿ. ನಾಳೆ ಹತ್ತು ಗಂಟಿಗೆ ದರಗು ಗುಡ್ಸಾಕೆ ಹೋಗೋದೇ. ಕೊಟ್ಟಿಗಿಗೆ ಏನ್ ಹಾಸನ, ಡಾಕ್ಟ್ರಮ್ಮನ ಸೀರೇನಾ?"

ಜೀಪು ಆಗಲೇ ಬೇರೆ ಕಡೆಗೆ ಹೊರಟುಹೋಗಿತ್ತು, ಇನ್ನು ನಾಳೆ ಹತ್ತರೊಳಗೆ ಪುಡಿ ಬೀಳಬೇಕು. ಸಾಗರದ ಫೋನನ್ನು ಪಟ್ಟಿಗೆ ಸೇರಿಸಿದರಾಯಿತು ಎಂದೆ. ಡಾಕ್ಟರ್ ತಲೆಯಾಡಿಸಿದರು. ತಂಡದವರು ಒಂದೇ ಕಡೆಯಿಂದ ಮಾತಾಡುವುದಿಲ್ಲ. ಒಮ್ಮೆ ಕಚೇರಿ, ಒಮ್ಮೆ ಜೀಪಿನ ಶೆಡ್ಡು, ಒಮ್ಮೆ ಯಾವುದೋ ಅಂಗಡಿ. ಎಲ್ಲರನ್ನೂ ಸೇರಿಸಿದರೆ ಕದವಿದ್ದೂ ಇಲ್ಲದಂತೆ. ಲಲಿತಮ್ಮ ಬೋರ್ಡಿನಿಂದ ಮುಖ ತಿರುಗಿಸದೆ ಹೇಳಿದರು.

"ಅಕ್ಕಿ ಗಿರಣಿಯಲ್ಲಿ ಚೀಟಿ ಹರಿದು ಕೊಡ್ತಾರಲ್ಲ. ಅರ್ಧ ಚೀಟಿ ತಂದವನಿಗೆ ಅಕ್ಕಿ. ಅವನ ಮುಖ ಯಾರು ನೋಡ್ತಾರೆ?"

ಅರ್ಧ ಗಂಟೆಯಲ್ಲಿ ಮುಗಿಯಿತು. ಕದದ ಪಕ್ಕದಲ್ಲಿ ಒಂದು ಮೊಳೆ ಹೊಡೆದೆ. ಒಳಗಿನಿಂದ ಒಂದು ಕರೆ ಹೋದರೆ ಅದಕ್ಕೆ ಅರ್ಧ ಮುಗಿದಿದ್ದ ಹಳೆಯ ಚೀಟಿ ಪುಸ್ತಕದಿಂದ ಒಂದು ನಂಬರು, ಆ ನಂಬರಿನ ಚೀಟಿ ಮೊಳೆಗೆ. ಡಾಕ್ಟರ್ ಆ ನಂಬರನ್ನು ಸಾಗರಕ್ಕೆ ಹೇಳುತ್ತಾರೆ. ಹೊರಗಿನಿಂದ ಯಾರೇ ಕರೆದರೂ ನಂಬರು ಹೇಳಿದರೆ, ಮೊಳೆಯಲ್ಲಿ ಆ ಚೀಟಿ ಇದ್ದರೆ, ಕದ ತೆರೆಯಬೇಕು. ಸಂಜೆ ಆರಕ್ಕೆ ಮೊಳೆ ಖಾಲಿ, ಹಳೆಯ ಚೀಟಿ ನಡೆಯುವುದಿಲ್ಲ. ಪಟ್ಟಿಯ ಕೊನೆಗೆ ನನ್ನ ಹೆಸರನ್ನೂ ಬರೆದೆ. ಲಲಿತಮ್ಮ ಮತ್ತೆ ಸಹಿ ಹಾಕಿಸಿಕೊಂಡರು.

ಫೆಬ್ರವರಿ ೧೩, ಬುಧವಾರ. ಅಂದಿನ ಪುಟವನ್ನು ನಾನು ನಿಮಿಷ ನಿಮಿಷಕ್ಕೆ ಬರೆದಿದ್ದೇನೆ. ೭-೪೦ಕ್ಕೆ ಆಸ್ಪತ್ರೆಯ ರೆಪ್ಪೆ ಬಿತ್ತು. ೭-೪೩ಕ್ಕೆ ಸಾಗರ ಸಿಕ್ಕಿತು. ನಂಬರು ನಲವತ್ತೊಂದು, ಚೀಟಿ ಮೊಳೆಗೆ. ಜೀಪು ಹೊನ್ನೆಮರಡಿನ ಕಡೆಗೆ ಹೋಗಿದೆ, ಬಂದ ಕೂಡಲೇ ಮಾತಾಡುತ್ತೇವೆ ಎಂದರು ತಂಡದವರು. ಆಮೇಲೆ ಕಾಯುವುದು. ೭-೫೫ಕ್ಕೆ ಸಾಗರದಿಂದ ಟ್ರಂಕ್ ಆಪರೇಟರ್ ದನಿ ಬಂತು. ಯಾರೋ ದೊಡ್ಡವರು ಎರಡನೇ ತಂತಿಯನ್ನೇ ಕೇಳುತ್ತಿದ್ದಾರಂತೆ. ಲಲಿತಮ್ಮ ಏನು ಹೇಳುತ್ತಾರೋ ಎಂದು ನಾನು ಬಗ್ಗಿದೆ. ಅವರು ಬಾಯಿ ತೆರೆಯುವ ಮೊದಲೇ ಆ ಕಡೆಯಾಕೆ ಮುಗಿಸಿದಳು: "ನಲವತ್ತೊಂದು ಇನ್ನೂ ತಿರುಗಿ ಬಂದಿಲ್ಲ. ಬರೋವರೆಗೆ ಲೈನ್ ನಾನು ಹಿಡ್ಕೊಂಡಿರ್ತೀನಿ. ನೀವು ನಿಮ್ಮ ಕಡೆ ನೋಡ್ಕೊಳಿ."

೮-೦೬. ಯಾವುದೋ ಚಹಾದಂಗಡಿಯ ಗದ್ದಲದ ನಡುವೆ ಒಂದು ಗಂಡು ದನಿ ನಲವತ್ತೊಂದು ಎಂದಿತು. ಲಲಿತಮ್ಮ ಮೊಳೆಯಿಂದ ಚೀಟಿ ಕಿತ್ತರು, ಕದ ತೆರೆದರು. ಡಾಕ್ಟರ್ ದಾರಿ ಹೇಳಿದ್ದು ಅರ್ಧ ನಿಮಿಷ: "ಅರಳಿಕಟ್ಟೆ ಹತ್ರ ಎಡಕ್ಕೆ ತಿರುಗಿ. ಬಲಕ್ಕೆ ಹೋದ್ರೆ ಹಿನ್ನೀರು ಸಿಗ್ತದೆ, ಮಂಗ ಸಿಗೋದಿಲ್ಲ."

೧೦-೨೫ಕ್ಕೆ ರೇಂಜರ್ ಕಚೇರಿಯ ರೆಪ್ಪೆ ಬಿತ್ತು. ಜೀಪು ೯-೩೫ಕ್ಕೆ ಮುಟ್ಟಿತ್ತು. ಹತ್ತಕ್ಕೆ ಹತ್ತು ನಿಮಿಷವಿರುವಾಗ ಹದಿನಾಲ್ಕು ಹೆಂಗಸರು ಹೆಡಿಗೆ ಹೊತ್ತು ಬಂದರಂತೆ. ನೆಲದ ಮೇಲಿನ ಬಿಳಿ ಪುಡಿಯ ಪಟ್ಟಿ ನೋಡಿ ನಿಂತರಂತೆ. ತಂಡದವರು ಬೇರೆ ದಿಕ್ಕಿನ ಕಾಡು ತೋರಿಸಿದ್ದಾರೆ, ಅಲ್ಲಿಗೆ ಹೋದರು ಎಂದರು ರೇಂಜರ್. ನಾನು ಬೋರ್ಡಿನ ಹಿಂದೆ ಹೋಗಿ, ಯಾರಿಗೂ ಕಾಣದಂತೆ ಎರಡು ಕೈಯನ್ನೂ ಮೇಲೆತ್ತಿ ನಿಂತೆ. ಇದನ್ನೂ ದಿನಚರಿಯಲ್ಲಿ ಬರೆದಿದ್ದೇನೆ.

ಶುಕ್ರವಾರ ೧೧-೨೦ಕ್ಕೆ ಸಾಹೇಬರು ಬಂದರು. ಚಪ್ಪಲಿ ಬಿಚ್ಚಿ ಒಳಗೆ ಬಂದು ನನ್ನ ಲೆಕ್ಕದ ಹಾಳೆ ಹಿಡಿದು ಕೂತರು. ಏಳು ದಿನ, ಹೋದದ್ದು ಬಂದದ್ದು ಸೇರಿ ಆಸ್ಪತ್ರೆಯ ಕರೆ ಮೂವತ್ತೊಂದು. ಹತ್ತು ನಿಮಿಷದೊಳಗೆ ಸಿಕ್ಕಿದ್ದು ಇಪ್ಪತ್ತೆರಡು.

"ಈ ಒಂಬತ್ತು ಏನಯ್ಯಾ?"

ಐದು ಕಿತ್ತಿರದ ವೈರಿನಿಂದ, ನಾಲ್ಕು ಉತ್ತರಕ್ಕೆ ದಾರಿ ಇಡದಿದ್ದುದರಿಂದ, ಎರಡೂ ನನ್ನ ತಪ್ಪು ಎಂದೆ. ಪಕ್ಕದ ಕಾಲಮ್ಮಿನಲ್ಲಿ ಹಾಗೆಯೇ ಬರೆದಿತ್ತು. ಅವರು ಆ ಕಾಲಮ್ಮನ್ನು ಬೆರಳಿಟ್ಟು ಮೇಲಿಂದ ಕೆಳಗೆ ಓದಿದರು. ನಾನು ಮನಸ್ಸಿನಲ್ಲೇ ಸ್ಕ್ರೂಡ್ರೈವರ್ ಹಿಡಿದು ಎಲ್ಲ ಬಿಚ್ಚಲು ಶುರುಮಾಡಿದ್ದೆ.

"ಇದನ್ನೂ ಬರ್ದಿದ್ದೀಯ," ಎಂದರು. "ಹಾಗಾದ್ರೆ ಉಳಿದ ಇಪ್ಪತ್ತೆರಡನ್ನ ನಂಬ್ತೀನಿ."

ಪೆನ್ಸಿಲ್ ತೆಗೆದು ಏಳು ದಿನ ಎಂಬುದನ್ನು ಹೊಡೆದು ಮೇ ಕೊನೆಯವರೆಗೆ ಎಂದು ಬರೆದರು. ಮಾರ್ಚಿನಲ್ಲಿ ತೀರ್ಥಹಳ್ಳಿಯ ಬೋರ್ಡಿಗೂ ಒಂದು ಒಳಬೋರ್ಡು ಬಂತು. ಅಲ್ಲಿ ಕೆಲಸ ಒಂದೇ ದಿನದ್ದು. ಮೊದಲು ಹಳೆಯ ವೈರು ಕಿತ್ತೆ, ಆಮೇಲೆ ಮೊಳೆ ಹೊಡೆದೆ, ಪಟ್ಟಿ ಬರೆದದ್ದು ಕೊನೆಗೆ. ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಹೇಳಬಹುದಾದದ್ದು ಆ ಅನುಕ್ರಮ ಮಾತ್ರ.

ಮೇ ೩೧ರಂದು ಡಾಕ್ಟರ್ ಫಿಲೋಮಿನಾ ತಾವೇ ಫೋನು ಮಾಡಿದರು. ಕಾಡಿನಂಚಿನ ಆ ಹಳ್ಳಿಯಲ್ಲಿ ಮೊದಲ ಮಂಗನ ಕಾಲಕ್ಕೆ ಇಬ್ಬರಿಗೆ ಜ್ವರ ಬಂದು ವಾಸಿಯಾಗಿತ್ತು. ಎರಡನೆಯ ಮಂಗನ ನಂತರ ಅಲ್ಲಿಂದ ಒಬ್ಬರೂ ಬಂದಿಲ್ಲ ಎಂದರು. "ಪುಡಿಯಿಂದಲೋ, ದೇವರಿಂದಲೋ, ನಿಮ್ಮ ಮೊಳೆಯಿಂದಲೋ ನಾನು ಹೇಳಲಿಕ್ಕೆ ಆಗೋದಿಲ್ಲ. ಹದಿನಾಲ್ಕು ಮಂದಿಯೂ ಆರಾಮಿದ್ದಾರೆ. ಅದನ್ನ ನಿಮ್ಮ ಪುಸ್ತಕದಲ್ಲಿ ಬರ್ಕೊಳಿ." ಬರೆದುಕೊಂಡೆ. ಹದಿನಾಲ್ಕು ಎಂಬುದರ ಕೆಳಗೆ ಎರಡು ಗೆರೆ ಎಳೆದೆ.

ಆದರೆ ಆ ಬುಧವಾರದ ಪುಟದಲ್ಲಿ ಒಂದು ಜಾಗ ಖಾಲಿ ಇದೆ. ೭-೫೫ರಿಂದ ೮-೦೬ರವರೆಗೆ, ಹನ್ನೊಂದು ನಿಮಿಷ, ದೊಡ್ಡವರ ಮಾತಿಗೂ ಬಗ್ಗದೆ ಸಾಗರದಲ್ಲಿ ತಂತಿ ಹಿಡಿದು ಕೂತ ಆಪರೇಟರ್ ಯಾರೆಂದು ನಾನು ಬರೆದಿಲ್ಲ. ನಿಮಿಷ ಬರೆದೆ, ಹೆಸರು ಕೇಳಲಿಲ್ಲ. ಆಮೇಲೆ ಕೇಳಿದಾಗ ಆಕೆಗೆ ವರ್ಗವಾಗಿತ್ತು, ಪಾಳಿಯ ಪುಸ್ತಕ ಸಿಗಲಿಲ್ಲ. ಆಗ ಸಾಗರದ ಟ್ರಂಕ್ ಬೋರ್ಡಿನಲ್ಲಿ ಬೆಳಗಿನ ಪಾಳಿ ಮಾಡಿದವರು, ಅವರ ಮನೆಯವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಪ್ರಕಾಶಕರ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಹೆಸರೊಂದೇ ಸಾಕು. ಆ ಪುಟದಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೇನೆ.